ಹಲಗೆಯ ಅಡಿಯ ತೂಕ

ನಮ್ಮ ಊರಿಗೆ ಮದುವೆಯಾಗಿ ಬರುವ ಹೆಣ್ಣುಮಕ್ಕಳಿಗೆ ಮೊದಲ ತಿಂಗಳಲ್ಲೇ ಸೊಂಟ ಹಿಡಿದುಕೊಳ್ಳುತ್ತದೆ. ಬೇರೆ ಊರಿನವರಿಗೆ ಗೊತ್ತಿರುವುದಿಲ್ಲ, ಪಾಪ. ಯಾರದೋ ಫೋಟೋವನ್ನೋ, ಅಮ್ಮ ಕದ್ದುಮುಚ್ಚಿ ಕೊಟ್ಟ ಉಂಗುರವನ್ನೋ ಸೀರೆಯ ಮಡಿಕೆಯೊಳಗೆ ಸೇರಿಸಿ ತಂದಿರುತ್ತಾರೆ. ಹದಿನೈದು ದಿನ ಕಳೆದ ಮೇಲೆ ಆ ಸೀರೆ ಎತ್ತಲು ಹೋಗಿ ಅಯ್ಯಮ್ಮಾ ಎನ್ನುತ್ತಾರೆ. ಅತ್ತೆಯಂದಿರು ಅಡುಗೆಮನೆಯಲ್ಲೇ ಕೂತು ನಗುತ್ತಾರೆ. ಬಚ್ಚಿಟ್ಟದ್ದು ಇಲ್ಲಿ ಭಾರವಾಗುತ್ತದೆ, ದಿನಕ್ಕಿಷ್ಟು ದಿನಕ್ಕಿಷ್ಟು. ಯಾರಿಂದ ಬಚ್ಚಿಟ್ಟಿರೋ ಅವರಿಗೆ ಹೇಳಿಬಿಟ್ಟರೆ ಇಳಿಯುತ್ತದೆ. ಯಾಕೆ, ಏನು ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಹುಣಸೆಹಣ್ಣು ಯಾಕೆ ಹುಳಿ ಎಂದು ನೀವು ಕೇಳುತ್ತೀರಾ?

ಹೀಗೆಯೇ ಬದುಕುವುದನ್ನು ಕಲಿತಿದ್ದೇವೆ. ಬೆಲ್ಲದ ಡಬ್ಬಿ ಯಾವುದು ಎಂದು ಮಕ್ಕಳು ಮುಚ್ಚಳ ತೆಗೆದು ನೋಡುವುದಿಲ್ಲ, ಎತ್ತಿ ನೋಡುತ್ತವೆ. ಆಟೋದವರು ಚೀಲ ಎತ್ತಿ ನೋಡಿಯೇ ಹತ್ತಿಸಿಕೊಳ್ಳುತ್ತಾರೆ. ಹೊಳೆಯ ಆಚೆ ದಡದ ಪಟ್ಟಣದಲ್ಲಿ ಈ ಗೋಜಿಲ್ಲ, ಅಲ್ಲಿ ಯಾವುದಕ್ಕೆ ಎಷ್ಟು ತೂಕವೋ ಅಷ್ಟೇ. ಅದಕ್ಕೇ ಅಲ್ಲಿಂದ ಬರುವ ಬಸ್ಸು ಸೇತುವೆ ದಾಟಿದ ಕೂಡಲೇ ಒಮ್ಮೆ ಕುಗ್ಗುತ್ತದೆ. ತೊಡೆಯ ಮೇಲೆ ಚೀಲ ಇಟ್ಟುಕೊಂಡವರು ಅಷ್ಟರೊಳಗೆ ಕೆಳಗಿಳಿಸಿಬಿಡುತ್ತಾರೆ. ಯಾರು ಇಳಿಸಿದರು, ಯಾರು ಇಳಿಸಲಿಲ್ಲ ಎಂದು ಕಂಡಕ್ಟರ್ ಓರೆಗಣ್ಣಿನಲ್ಲಿ ನೋಡುತ್ತಾನೆ.

ನಾನು ತಕ್ಕಡಿ ಮನೆಯ ಪುಟ್ತಾಯಮ್ಮ. ಅತ್ತೆಯಿಂದ ನನಗೆ ಬಂದ ಕೆಲಸ ಇದು. ಮದುವೆಗೆ ಮುಂಚೆ ಗಂಡಿನ ಪೆಟ್ಟಿಗೆ, ಹೆಣ್ಣಿನ ಪೆಟ್ಟಿಗೆ ಎರಡೂ ನಮ್ಮ ಜಗುಲಿಗೆ ಬರಬೇಕು. ಪೆಟ್ಟಿಗೆಯ ಸಾಮಾನನ್ನು ಒಂದೊಂದಾಗಿ ಕೈಯಲ್ಲಿ ಎತ್ತಿ ನಾನು ತೂಕ ಹೇಳುತ್ತೇನೆ. ನನ್ನ ಕೈ ಒಂದು ಹಿಡಿ ಅಕ್ಕಿಯಷ್ಟೂ ತಪ್ಪುವುದಿಲ್ಲ. ಆಮೇಲೆ ಎಲ್ಲವನ್ನೂ ತುಂಬಿ, ಬೀಗ ಹಾಕಿ, ತಕ್ಕಡಿಗೆ ಏರಿಸುವುದು. ಕೈ ಹೇಳಿದ ತೂಕವೂ ತಕ್ಕಡಿಯ ತೂಕವೂ ತಾಳೆಯಾದರೆ ಮದುವೆ. ಆಗದಿದ್ದರೆ ಪೆಟ್ಟಿಗೆ ಬಿಚ್ಚಿ ಹುಡುಕಬೇಕು.

ತಕ್ಕಡಿ ಎಂದರೆ ಅಂಗಡಿಯಲ್ಲಿರುವಂಥದ್ದಲ್ಲ. ಜಗುಲಿಯ ತೊಲೆಗೆ ತೂಗುಹಾಕಿದ ಕಬ್ಬಿಣದ ದಂಡ, ಒಂದು ಕಡೆ ಕಲ್ಲಿಡುವ ತಟ್ಟೆ, ಇನ್ನೊಂದು ಕಡೆ ಪೆಟ್ಟಿಗೆ ಇಡುವ ಹಲಗೆ. ಹಲಗೆ ಸವೆಯದಿರಲೆಂದು ಅದರ ಅಡಿಗೆ ತಗಡು ಹೊಡೆದಿದೆ. ತೂಕವಿಲ್ಲದ ಹೊತ್ತಿನಲ್ಲಿ ಎರಡರ ಕೆಳಗೂ ಮರದ ದಿಮ್ಮಿ ಕೊಟ್ಟು ಅಲುಗಾಡದಂತೆ ನಿಲ್ಲಿಸಿರುತ್ತೇವೆ. ಬರಿ ತೊಟ್ಟಿಲು ತೂಗಬಾರದು, ಬರಿ ತಕ್ಕಡಿಯೂ ತೂಗಬಾರದು, ಮನೆಗೆ ಆಗಿಬರುವುದಿಲ್ಲ ಎನ್ನುತ್ತಿದ್ದರು ನಮ್ಮ ಅತ್ತೆ. ವರ್ಷಕ್ಕೆ ಒಂದೇ ಸಲ, ಆಯುಧಪೂಜೆಯ ದಿನ, ಊರಿನವರೆಲ್ಲರ ಎದುರಿಗೆ ದಿಮ್ಮಿ ತೆಗೆದು ಬರಿ ತಕ್ಕಡಿ ತೋರಿಸುವುದು. ದಂಡ ನೆಟ್ಟಗೆ ನಿಂತರೆ ಇನ್ನೊಂದು ವರ್ಷ ನನ್ನ ಮಾತೇ ಮಾತು.

ಇಷ್ಟು ದೊಡ್ಡ ಮಾತಾಡುವ ನನ್ನ ಮನೆಯಲ್ಲೇ, ತೂಕದ ಕಲ್ಲುಗಳ ಸಾಲಿನಲ್ಲಿ, ಹತ್ತು ವರ್ಷದಿಂದ ಒಂದು ಡಬ್ಬಿ ಕೂತಿತ್ತು. ಊರವರ ಎಲೆಯ ನೊಣ ಹುಡುಕುತ್ತಿದ್ದವಳು ನಾನು, ನನ್ನ ಎಲೆಯಲ್ಲೇ ಹೆಗ್ಗಣ ಬಿದ್ದಿತ್ತು.

ನನ್ನ ತಂಗಿ ಸುಮಿತ್ರೆ ಆಚೆ ದಡದ ಪಟ್ಟಣದಲ್ಲಿದ್ದಳು. ಗಂಡ ಟೈಲ್ಸ್ ಹಾಕುವವನು. ಅವನು ಮೊದಲು ತೀರಿಹೋದ, ಎರಡು ವರ್ಷಕ್ಕೆ ಅವಳೂ ಹೋದಳು. ಸಾಯುವ ಮುಂಚೆ ಆಸ್ಪತ್ರೆಯ ಮಂಚದಲ್ಲಿ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಮಗೂಗೂ ಇದೆ. ಹುಟ್ಟುತ್ತಲೇ ಬಂದಿದೆ. ಮಾತ್ರೆ ಬಿಡಿಸ್ಬೇಡ, ಬಿಡದೆ ತಗೊಂಡ್ರೆ ಎಲ್ರ ಹಂಗೇ ಬದುಕ್ತಾಳಂತೆ. ಯಾರಿಗೂ ಹೇಳ್ಬೇಡ ಅಕ್ಕಾ," ಎಂದಳು. ಎಚ್‌ಐವಿ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಡಾಕ್ಟರು ಹೇಳಿದರು. ಐದು ವರ್ಷದ ಇಂಚರಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸೇತುವೆ ದಾಟಿದೆ. ನನಗೆ ಮಕ್ಕಳಿಲ್ಲ, ಗಂಡನೂ ಇಲ್ಲ. ದೊಡ್ಡಮ್ಮಾ ದೊಡ್ಡಮ್ಮಾ ಎಂದು ಅದು ನನ್ನ ಸೆರಗು ಬಿಡದೆ ಬೆಳೆಯಿತು.

ತಂಗಿ ಎರಡು ಮಾತು ಹೇಳಿದ್ದಳು, ಮಾತ್ರೆ ಬಿಡಿಸಬೇಡ, ಯಾರಿಗೂ ಹೇಳಬೇಡ. ಎರಡನ್ನೂ ನಡೆಸಿದೆ. ನಮ್ಮೂರಿನಲ್ಲಿ ಹೇಳದೆ ಇಡುವುದು ಹುಡುಗಾಟವೇ? ಮಾತ್ರೆಯ ಡಬ್ಬಿಯನ್ನು ಎಲ್ಲಿಟ್ಟರೂ ಹಲಗೆ ಜಗ್ಗುತ್ತಿತ್ತು, ಗೂಟ ಕೀಳುತ್ತಿತ್ತು. ಕೊನೆಗೆ ತೂಕದ ಕಲ್ಲುಗಳ ಮಧ್ಯೆ ಇಟ್ಟೆ. ಕಲ್ಲಿನ ಸಾಲಿನಲ್ಲಿ ಭಾರದ ವಸ್ತು ಇದ್ದರೆ ಯಾರು ಕೇಳುತ್ತಾರೆ? ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ವರ್ಷಗಳು ಹೋದ ಹಾಗೆ ಡಬ್ಬಿ ಎತ್ತಲಾರದಷ್ಟಾಯಿತು. ಕೂತಲ್ಲೇ ಮುಚ್ಚಳ ತೆಗೆದು ಮಾತ್ರೆ ಕೊಡುತ್ತಿದ್ದೆ. ಬೆಳಗ್ಗೆ ಎಂಟು ಗಂಟೆಗೆ, ಶಾಲೆಗೆ ಹೊರಡುವ ಮುಂಚೆ. "ಇದು ಯಾತಕ್ಕೆ ದೊಡ್ಡಮ್ಮ?" ಎಂದರೆ "ರಕ್ತ ಕಮ್ಮಿ ಇದೆ ನಿಂಗೆ, ರಕ್ತದ ಮಾತ್ರೆ," ಎನ್ನುತ್ತಿದ್ದೆ.

ಆಚೆ ದಡದ ಆಸ್ಪತ್ರೆಯಲ್ಲಿ ಈ ಮಾತ್ರೆ ಕೊಡುವ ಕೇಂದ್ರವಿದೆ. ಅಲ್ಲಿ ಶಾಹೀನಾ ಎಂಬ ಆಪ್ತ ಸಮಾಲೋಚಕಿ, ಕೂರಿಸಿಕೊಂಡು ಸಮಾಧಾನದಿಂದ ಮಾತಾಡುವ ಹುಡುಗಿ. ಇಂಚರಳಿಗೆ ಹನ್ನೆರಡು ತುಂಬಿದಾಗಿನಿಂದ ಒಂದೇ ಹಾಡು ಹಾಡುತ್ತಿದ್ದಳು. "ಅವಳಿಗೆ ಹೇಳ್ಬೇಕು ಅಮ್ಮ. ಈ ವಯಸ್ಸಲ್ಲಿ ಮಕ್ಳು ಯಾತಕ್ಕೆ ಅಂತ ಗೊತ್ತಿಲ್ದೆ ಮಾತ್ರೆ ನುಂಗಲ್ಲ. ನೀವೇ ಹೇಳ್ತೀರಾ, ನಾನು ಹೇಳ್ಲಾ?" ನಾನು ಮುಂದಿನ ಸಲ, ಮುಂದಿನ ಸಲ ಎನ್ನುತ್ತಿದ್ದೆ. ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ತಂಗಿಯ ಮುಖ ಅಡ್ಡ ಬರುತ್ತಿತ್ತು. ಸುಳ್ಳೇಕೆ ಹೇಳಲಿ, ಹೆದರಿಕೆಯೂ ಇತ್ತು. ಇದು ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಬರುವಂಥದ್ದಲ್ಲ ಎಂದು ನನಗೆ ಗೊತ್ತು. ಊರಿಗೆ ಗೊತ್ತೇ?

ಹಿಂದಿನ ವರ್ಷದ ಆಯುಧಪೂಜೆಗೆ ಇಂಚರ ಕಲ್ಲುಗಳನ್ನು ತೊಳೆಯಲು ಕೂತಳು. ಆಗ ಅವಳಿಗೆ ಹದಿನಾಲ್ಕು. ಇಪ್ಪತ್ತು ಕೆಜಿಯ ಕಲ್ಲನ್ನು ಹೇಗೋ ಎತ್ತಿ ಬದಿಗಿಟ್ಟಳು. ಅದರ ಪಕ್ಕದ ಡಬ್ಬಿ ಅಲುಗಲಿಲ್ಲ. ಎರಡೂ ಕೈ ಹಾಕಿದಳು, ಅಲುಗಲಿಲ್ಲ. ನಮ್ಮೂರಿನಲ್ಲಿ ಬೆಳೆದ ಮಗುವಿಗೆ ಅದರ ಅರ್ಥ ಹೇಳಿಕೊಡಬೇಕೇ?

"ದೊಡ್ಡಮ್ಮ, ಇದ್ರಲ್ಲಿ ಏನ್ ಬಚ್ಚಿಟ್ಟಿದೀಯಾ?"

"ನಿನ್ನ ಮಾತ್ರೆ ಕಣೇ. ದಿನಾ ನೋಡಲ್ವಾ?"

"ಮಾತ್ರೆ ಯಾಕೆ ಇಷ್ಟು ಭಾರ? ಯಾರಿಂದ ಬಚ್ಚಿಟ್ಟಿದೀಯಾ? ನನ್ನಿಂದ್ಲಾ?"

"ಹಬ್ಬದ ದಿನ ತಲೆ ತಿನ್ಬೇಡ. ಬಾಯ್ ಮುಚ್ಕೊಂಡು ತೊಳಿ," ಎಂದು ಗದರಿದೆ. ಅವಳು ಬಾಯಿ ಮುಚ್ಚಿಕೊಂಡಳು. ಆ ವಿಷಯಕ್ಕೆ ಆ ಬಾಯಿ ಆಮೇಲೆ ಒಂದು ವರ್ಷ ತೆರೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೇಂದ್ರದವರು ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡತೊಡಗಿದರು. ಇಂಚರಳಿಗೆ ಒಂಬತ್ತನೇ ತರಗತಿಯ ಪರೀಕ್ಷೆ, ಆಮೇಲೆ ಹತ್ತನೆಯದರ ಸ್ಪೆಷಲ್ ಕ್ಲಾಸು. ಶಾಲೆ ತಪ್ಪಿಸುವುದು ಯಾಕೆಂದು ನಾನೊಬ್ಬಳೇ ಹೋಗಿ ತರುತ್ತಿದ್ದೆ. ತೂಕ ಎಷ್ಟಿದೆ ಎಂದು ಶಾಹೀನಾ ಕೇಳುತ್ತಿದ್ದಳು. ಅದನ್ನು ನನ್ನನ್ನು ಕೇಳಬೇಕೇ? ತಿಂಗಳ ಮೊದಲ ಭಾನುವಾರ ಹುಡುಗಿಯನ್ನು ಹಲಗೆಯ ಮೇಲೆ ಕೂರಿಸಿ ನಾನೇ ತೂಗುತ್ತಿದ್ದೆ. ಸಂಕ್ರಾಂತಿಗೆ ಮೂವತ್ತಾರು ಇದ್ದವಳು ಫೆಬ್ರವರಿಗೆ ಮೂವತ್ತೇಳು. ಒಂದು ಕೆಜಿ! ವರ್ಷಗಟ್ಟಲೆ ಅಲುಗಾಡದೆ ಇದ್ದ ತೂಕ ಅದು. ಜೊತೆಯ ಹುಡುಗಿಯರೆಲ್ಲ ಮೈತುಂಬಿಕೊಂಡು ದೊಡ್ಡವರಾಗಿದ್ದರೂ ಇವಳು ಇನ್ನೂ ಆಗಿರಲಿಲ್ಲ. ನಾನು ಜಗುಲಿಯ ಮೇಲೇ ಕುಣಿದುಬಿಟ್ಟೆ. ಅವಳ ಗಲ್ಲ ಹಿಡಿದು ಮುತ್ತು ಕೊಟ್ಟು, ಬೇಳೆ ಬೇಯಲು ಇಟ್ಟು, ಅಂದೇ ಒಬ್ಬಟ್ಟು ಮಾಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದೇ ಒಬ್ಬಟ್ಟು ತಿಂದಳು, ಸಾಕು ಎಂದಳು.

ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಹಲಗೆಯ ಅಂಚಿನಲ್ಲಿ ಕೂತು ಶಾಲೆಯ ಬೂಟು ಕಟ್ಟಿಕೊಳ್ಳುವುದು ಅವಳ ರೂಢಿಯಾಯಿತು. ದಿನವೂ ನೋಡುತ್ತಿದ್ದೆ. ಬೂಟು ಕಟ್ಟಲು ಇಷ್ಟು ಹೊತ್ತೇನೇ ಎಂದು ರೇಗಿಸಿಯೂ ಇದ್ದೆ.

ಮದುವೆಗಳ ಕಾಲ ಬಂತು. ಆ ವರ್ಷ ಯಾಕೋ ಎಲ್ಲರ ಪೆಟ್ಟಿಗೆಯೂ ನನ್ನ ಕೈ ಹೇಳಿದ್ದಕ್ಕಿಂತ ಜಾಸ್ತಿ ತೂಗುತ್ತಿತ್ತು. ಹುಡುಕಿದರೆ ಯಾರ ಪೆಟ್ಟಿಗೆಯಲ್ಲಿ ಏನು ಸಿಗುವುದಿಲ್ಲ ಹೇಳಿ? ಒಬ್ಬನದರಲ್ಲಿ ತಲೆಗೆ ಹಚ್ಚುವ ಕಪ್ಪು ಬಣ್ಣ, ಒಬ್ಬಳದರಲ್ಲಿ ಹಳೆಯ ಗೆಳೆಯ ಕೊಟ್ಟ ಪೆನ್ನು. ಇದೇ ಇರಬೇಕೆಂದು ನಕ್ಕು, ಎರಡು ಮಾತು ಅನ್ನಿಸಿಕೊಂಡು, ಮದುವೆ ಮಾಡಿಕೊಂಡು ಹೋದರು. ಟೈಲರ್ ಮುನಿಸಿದ್ದಪ್ಪನ ಮಗಳು ಜಯಶೀಲಳ ಪೆಟ್ಟಿಗೆ ಮಾತ್ರ ನಾಲ್ಕೂವರೆ ಕೆಜಿ ಜಾಸ್ತಿ ಬಂತು. ಬಿಚ್ಚಿದೆವು. ಸೀರೆ ಕೊಡವಿದೆವು, ಅಂಚು ಬಿಚ್ಚಿದೆವು, ಪೆಟ್ಟಿಗೆಯ ಒಳಗಿನ ಬಟ್ಟೆ ಹರಿದೆವು. ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು. ಏನೂ ಸಿಗದಿದ್ದರೆ ಹೇಳಲಾಗದಂಥದ್ದೇ ಇರಬೇಕು ಎಂದರು ಗಂಡಿನ ಕಡೆಯವರು.

"ನನ್ನ ಹತ್ರ ಬಚ್ಚಿಡೋಕೆ ಏನೂ ಇಲ್ಲ ಪುಟ್ತಾಯಮ್ಮ. ನಿಮ್ಮ ಕೈಯಲ್ಲೇ ಎತ್ತಿ ನೋಡಿ," ಎಂದು ಜಯಶೀಲ ಅಷ್ಟು ಜನರ ಮುಂದೆ ಕೈ ಮುಗಿದಳು.

ಎತ್ತಿದೆ. ಸರಿಯಾಗಿದೆ ಎಂದಿತು ಕೈ. ಕಲ್ಲು ಬೇರೆ ಹೇಳಿತು. ನಾನು ಕಲ್ಲಿನ ಕಡೆ ನಿಂತೆ. "ಕಲ್ಲು ಸುಳ್ಳು ಹೇಳಲ್ಲ ಕಣಮ್ಮ," ಎಂದೆ. ಚಪ್ಪರ ಬಿಚ್ಚಿದರು. ಅವಳು ಅಪ್ಪನ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಾ ಕೂತಳು. ಮತ್ತೆ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ.

ಜುಲೈನಲ್ಲಿ ಇಂಚರ ತನ್ನ ಯೂನಿಫಾರಂ ಸಡಿಲವಾಗಿದೆ ಎಂದು ಅವಳ ಹತ್ತಿರವೇ ಹಿಡಿಸಲು ಕೊಟ್ಟಳು. ಊರಿಗಿರುವುದು ಒಂದೇ ಟೈಲರ್ ಅಂಗಡಿ. ಜಯಶೀಲ ಸಂಜೆ ನಮ್ಮ ಮನೆಯವರೆಗೂ ಬಂದಳು, ಜಗುಲಿ ಹತ್ತಲಿಲ್ಲ. "ಪುಟ್ತಾಯಮ್ಮ, ನಿಮ್ಮ ಹುಡುಗಿ ಇಳಿದುಹೋಗ್ತಿದಾಳೆ. ಎದೆ ಎರಡೂವರೆ ಇಂಚು ಹಿಡಿದೆ. ಕೆಮ್ಮು ಬೇರೆ. ಡಾಕ್ಟ್ರಿಗೆ ತೋರಿಸಿ," ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಮದುವೆ ಮುರಿದ ಹೊಟ್ಟೆಯುರಿಗೆ ನನ್ನ ಮಗುವಿಗೆ ಕಣ್ಣು ಹಾಕುತ್ತಿದ್ದಾಳೆ ಎಂದುಕೊಂಡೆ. "ಮೊನ್ನೆ ತಾನೇ ತೂಗಿದೀನಿ, ಮೂವತ್ತೆಂಟೂವರೆ. ನಿನ್ನ ಟೇಪು ಸರಿಮಾಡ್ಕೋ ಹೋಗು," ಎಂದು ಬಾಗಿಲು ಹಾಕಿದೆ. ಕಣ್ಣಿಗೆ ಕಾಣುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕಾಣುತ್ತಿತ್ತು. ಮುಖ ಸಣ್ಣದಾಗಿತ್ತು. ಸೆಕೆಯಲ್ಲೂ ಸ್ವೆಟರ್ ಹಾಕುತ್ತಿದ್ದಳು. ಉದ್ದ ಆಗುತ್ತಿದ್ದಾಳೆ, ಅದಕ್ಕೆ ಹಾಗೆ ಕಾಣುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಸೆಪ್ಟೆಂಬರಿನಲ್ಲಿ ಶಾಹೀನಾಳ ಮುಂದೆ ಮೂವತ್ತೊಂಬತ್ತು ಎಂದು ಜಂಬದಿಂದ ಹೇಳಿದೆ. ಅವಳು ಬರೆದುಕೊಂಡಳು. "ವರ್ಷದ ರಕ್ತ ಪರೀಕ್ಷೆ ಬಾಕಿ ಇದೆ, ದಸರಾ ರಜೆಗಾದ್ರೂ ಕರ್ಕೊಂಡು ಬನ್ನಿ," ಎಂದಳು. ಆಗಲಿ ಎಂದೆ.

ಆಯುಧಪೂಜೆ ಬಂತು. ಆ ದಿನ ಊರಿನವರು ತಮ್ಮ ತಮ್ಮ ಸಾಮಾನು ತಂದು ತಕ್ಕಡಿಯ ಮುಂದೆ ಇಡುತ್ತಾರೆ, ಕ್ಷೌರಿಕನ ಕತ್ತಿ, ಡ್ರೈವರುಗಳ ಸ್ಪ್ಯಾನರ್, ಮುನಿಸಿದ್ದಪ್ಪನ ಅಂಗಡಿಯ ಕತ್ತರಿ. ಕತ್ತರಿಯನ್ನು ಜಯಶೀಲ ತಂದಿದ್ದಳು. ಇಂಚರ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಊರಿನ ಯಜಮಾನರಾದ ಬೋರಲಿಂಗಯ್ಯನವರ ಅಪ್ಪಣೆ ಕೇಳಿ, ತಟ್ಟೆಯ ಕೆಳಗಿನ ದಿಮ್ಮಿ ಎಳೆದೆ. ಆಮೇಲೆ ಹಲಗೆಯ ಕೆಳಗಿನದ್ದನ್ನು ಎಳೆದೆ.

ಹಲಗೆ ಧಡ್ ಎಂದು ನೆಲಕ್ಕೆ ಬಿತ್ತು. ಇನ್ನೊಂದು ಕಡೆಯ ತಟ್ಟೆ ಮೇಲಕ್ಕೆ ಹಾರಿ ತೊಲೆಗೆ ಬಡಿಯಿತು.

"ಇದೇನ್ ಪುಟ್ತಾಯಮ್ಮ, ಬರಿ ಹಲಗೆ ಮಲಗ್ಬಿಡ್ತಲ್ಲ!" ಎಂದರು ಬೋರಲಿಂಗಯ್ಯ. ಕಲ್ಲು ಹಾಕುತ್ತಾ ಹೋದೆ. ಹತ್ತೂವರೆ ಕೆಜಿಗೆ ದಂಡ ನೆಟ್ಟಗಾಯಿತು. ಯಾರೋ ಕಬ್ಬಿಣದ ಸಲಾಕೆ ಕೊಟ್ಟರು. ಹಲಗೆಯನ್ನು ಮಗುಚಿದರು. ಒಂದು ಮೂಲೆಯಲ್ಲಿ ತಗಡು ಮೊದಲೇ ಎದ್ದಿತ್ತು. ಅಲ್ಲಿಂದ ಮೀಟಿದೆ.

ಮಾತ್ರೆಗಳು ಉರುಳಿದವು, ಇನ್ನೂರ ಅರವತ್ತಕ್ಕೆ ಕಮ್ಮಿಯಿಲ್ಲ. ಕೆಲವು ಎಂಜಲಿಗೆ ಕರಗಿ ಅಂಟಿಕೊಂಡಿದ್ದವು. ಜಗುಲಿಯ ಕಲ್ಲಿನ ಮೇಲೆ ಒಂದೊಂದೂ ಗುಂಡಿನಂತೆ ಸದ್ದು ಮಾಡಿತು. ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಹತ್ತು ವರ್ಷ ನನ್ನ ಕೈಯಿಂದ ಕೊಟ್ಟದ್ದಲ್ಲವೇ?

ಮೊದಲು ಹೊಳೆದದ್ದು ಒಂದೇ. ಒಂಬತ್ತು ತಿಂಗಳು. ನನ್ನ ಮಗು ಒಂಬತ್ತು ತಿಂಗಳಿನಿಂದ ಮಾತ್ರೆ ನುಂಗಿಲ್ಲ. ನಾನು ಒಬ್ಬಟ್ಟು ಮಾಡಿದ್ದು, ಕುಣಿದದ್ದು, ಜಂಬದಿಂದ ಬರೆಸಿದ್ದು ಎಲ್ಲಾ ಅವಳ ಮೈಯ ತೂಕಕ್ಕಲ್ಲ, ಅವಳು ನುಂಗದೆ ಬಿಟ್ಟ ಮಾತ್ರೆಯ ತೂಕಕ್ಕೆ.

"ಯಾವ ಮಾತ್ರೆ ಇವು?" ಎಂದು ಕೇಳಿದವಳು ಜಯಶೀಲ. ಅವಳಿಗೂ ಅರ್ಥವಾಗಿತ್ತು. ಹತ್ತೂವರೆಯಲ್ಲಿ ನಾಲ್ಕೂವರೆ ಯಾರದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು?

ಆಗಲೂ ನಾನು ಏನು ಮಾಡಿದೆ ಗೊತ್ತೇ? "ರಕ್ತದ ಮಾತ್ರೆ... ಏನೋ ಹುಡುಗಾಟ ಮಾಡಿದೆ ಮಗು," ಎಂದೆ. ಎನ್ನುತ್ತಾ ಬಗ್ಗಿ ಅವನ್ನೆಲ್ಲ ಮಡಿಲಿಗೆ ಬಾಚಿಕೊಂಡೆ. ಏಳಲು ಹೋದರೆ ಏಳಲಾಗಲಿಲ್ಲ. ಸೆರಗು ಹರಿಯತೊಡಗಿತು. ಅಷ್ಟು ಜನರ ನಡುವೆ ಮೊಣಕಾಲೂರಿ ಹಾಗೇ ಕೂತುಬಿಟ್ಟೆ. ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸುಳ್ಳು," ಎಂದಳು ಇಂಚರ.

ಬಾಗಿಲಿನಿಂದ ನಿಧಾನವಾಗಿ ಬಂದಳು. ಕೆಮ್ಮು ಬಂತು, ಮುಗಿಯುವವರೆಗೂ ನಿಂತಳು. ಆಮೇಲೆ ಜಯಶೀಲಳ ಕಡೆ ತಿರುಗಿ ಹೇಳಿದಳು. "ಅಕ್ಕಾ, ನನಗೆ ಎಚ್‌ಐವಿ ಇದೆ. ಹುಟ್ಟಿದಾಗ್ಲಿಂದ ಇದೆ. ಅದರ ಮಾತ್ರೆ ಇವು. ನುಂಗ್ದೆ ಇಲ್ಲಿ ಸೇರಿಸ್ತಿದ್ದೆ. ನಿಮ್ಮ ಪೆಟ್ಟಿಗೇಲಿ ಏನೂ ಇರ್ಲಿಲ್ಲ."

ನನ್ನ ಮಡಿಲು ಹಗುರಾಯಿತು. ಅಷ್ಟು ಮಾತ್ರೆ ಸೇರಿ ಒಂದು ಬಟ್ಟಲು ಹುರಿಗಡಲೆಯಷ್ಟೂ ತೂಕವಿರಲಿಲ್ಲ. ಜನ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದರು. ಬೈಯಲಿಲ್ಲ, ಕೂಗಾಡಲಿಲ್ಲ. ತಮ್ಮ ತಮ್ಮ ಸಾಮಾನು ಎತ್ತಿಕೊಂಡು ಹೊರಟರು. ಸಂಜೆ ನಮ್ಮ ಬೀದಿಯ ಮೂರು ಮನೆಯಿಂದ ಫಿನಾಯಿಲ್ ವಾಸನೆ ಬಂತು. ಸ್ಪ್ಯಾನರು ತೊಳೆಯುತ್ತಿದ್ದರು.

ಬಾಗಿಲು ಹಾಕಿ ಅವಳನ್ನು ತಬ್ಬಿಕೊಂಡೆ. ಸ್ವೆಟರಿನ ಒಳಗೆ ಬರೀ ಮೂಳೆ. "ಯಾಕೆ ಕಂದಾ ಹಿಂಗ್ ಮಾಡ್ದೆ?" ಎಂದು ಅತ್ತುಬಿಟ್ಟೆ.

"ಡಬ್ಬಿ ಎತ್ತೋಕೆ ಆಗ್ಲಿಲ್ವಲ್ಲ, ಅವತ್ತೇ ಅನುಮಾನ ಬಂತು. ಮಾತ್ರೆ ಹೆಸರು ಕೈ ಮೇಲೆ ಬರ್ಕೊಂಡಿದ್ದೆ. ಸ್ಪೋರ್ಟ್ಸ್‌ಗೆ ಆ ಕಡೆ ಪಟ್ಟಣಕ್ಕೆ ಕರ್ಕೊಂಡು ಹೋಗಿದ್ರಲ್ಲ, ಅಲ್ಲಿ ಮೆಡಿಕಲ್ ಶಾಪಲ್ಲಿ ಕೇಳ್ದೆ. ಅವನು ನನ್ನ ಕೈ ನೋಡಿ ಹಿಂದಕ್ಕೆ ಸರಿದ. ಎಚ್‌ಐವಿದು ಅಂದ." ಸ್ವೆಟರಿನ ತೋಳನ್ನು ಅಂಗೈವರೆಗೆ ಎಳೆದುಕೊಂಡಳು. "ಅಮ್ಮ ಅದರಿಂದ್ಲೇ ಸತ್ತಿದ್ದು ಅಂತ ಗೊತ್ತಾಯ್ತು. ನೀನು ಹೇಳೋಕೂ ಆಗದಷ್ಟು ಕೆಟ್ಟದ್ದು ನನ್ನ ಮೈಯಲ್ಲಿದೆ ಅನ್ಕೊಂಡೆ. ಒಂದು ತಿಂಗಳು ನುಂಗ್ಲಿಲ್ಲ. ಮೊದಲು ಮಾತ್ರೆಯಿಂದ ಬರ್ತಿದ್ದ ತಲೆಸುತ್ತಾದ್ರೂ ನಿಂತಿತ್ತು. ಹೇಳ್ಬಿಡೋಣ ಅಂತಾನೇ ಆ ಭಾನುವಾರ ಹಲಗೆ ಮೇಲೆ ಕೂತಿದ್ದು. ನೀನು ಒಂದು ಕೆಜಿ ಒಂದು ಕೆಜಿ ಅಂತ ಕುಣಿದೆ. ನನ್ನ ನೋಡಿ ನೀನು ಅಷ್ಟು ನಕ್ಕಿದ್ದು ಅವತ್ತೇ ದೊಡ್ಡಮ್ಮ. ಆಮೇಲೆ ಹೇಳೋಕೆ ಆಗ್ಲಿಲ್ಲ."

ಹತ್ತು ವರ್ಷ ಆ ಮಗುವಿನ ಮುಖ ನೋಡಿದಾಗೆಲ್ಲ ನನ್ನ ಕಣ್ಣಲ್ಲಿ ಹೆದರಿಕೆ ಇತ್ತು. ಅದು ಅವಳಿಗೆ ಕಂಡಿರುವುದಿಲ್ಲ ಎಂದುಕೊಂಡಿದ್ದೆನಲ್ಲ, ಎಂಥ ಮೂಳಿ ನಾನು.

ಬೆಳಗ್ಗೆ ಮೊದಲ ಬಸ್ಸಿಗೆ ಹೊರಟೆವು. ರೂಢಿಯ ಬಲದಿಂದ ಡಬ್ಬಿಗೆ ಎರಡೂ ಕೈ ಹಾಕಿ ದಮ್ಮು ಕಟ್ಟಿ ಎತ್ತಿದೆ. ಅದು ಹಗುರವಾಗಿ ಬಂದು ನನ್ನ ಗದ್ದಕ್ಕೆ ಬಡಿಯಿತು. ಹಿಂದಕ್ಕೆ ಬಿದ್ದೆ. ಇಂಚರ ನಗಲಿಲ್ಲ. ಕೈ ಕೊಟ್ಟು ಎಬ್ಬಿಸಿದಳು, ಆ ಕೈ ಸುಡುತ್ತಿತ್ತು.

ಆಸ್ಪತ್ರೆಯ ತೂಕದ ಯಂತ್ರ ಇಪ್ಪತ್ತೆಂಟೂವರೆ ತೋರಿಸಿತು. ಶಾಹೀನಾ ತನ್ನ ಫೈಲಿನಲ್ಲಿ ಸೆಪ್ಟೆಂಬರಿನ ಮೂವತ್ತೊಂಬತ್ತನ್ನು ನೋಡಿದಳು, ಯಂತ್ರ ನೋಡಿದಳು, ನನ್ನನ್ನು ನೋಡಿದಳು. "ನೀವು ಹೇಳಿದ್ದನ್ನ ಬರ್ಕೊಂಡೆ ಅಮ್ಮ. ನಾನು ಹುಡುಗೀನ ನೋಡ್ಬೇಕಿತ್ತು," ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ಎದೆಯ ಫೋಟೋದಲ್ಲಿ ಟಿಬಿ ಎರಡೂ ಕಡೆ ಹರಡಿತ್ತು. ರಕ್ತದಲ್ಲಿ ಎದುರು ನಿಲ್ಲುವ ಶಕ್ತಿಯೇ ಉಳಿದಿರಲಿಲ್ಲ. ಮೊದಲು ಟಿಬಿಯ ಮಾತ್ರೆ, ಎರಡು ವಾರ ಬಿಟ್ಟು ಇದರ ಮಾತ್ರೆ ಮತ್ತೆ ಶುರು, ಎರಡನ್ನೂ ಒಟ್ಟಿಗೆ ಮೈ ತಡೆಯಬೇಕು ಎಂದರು ಡಾಕ್ಟರು.

"ಉಳೀತಾಳಾ ಸ್ವಾಮಿ?" ಎಂದೆ.

"ಒಂದು ದಿನಾನೂ ಬಿಡದೆ ತಗೊಳ್ಳಿ. ಆರು ತಿಂಗಳು ಕಳೀಲಿ, ಆಗ ಹೇಳ್ತೀನಿ," ಎಂದರು ಆ ಡಾಕ್ಟರು. ಸುಳ್ಳು ಸಮಾಧಾನ ಹೇಳಲಿಲ್ಲ.

ಆರು ವಾರ ಅಲ್ಲಿದ್ದೆವು. ಇಂಚರ ಇಪ್ಪತ್ತೇಳಕ್ಕೆ ಇಳಿದಳು. ವಾಂತಿ, ಜ್ವರ. ಒಂದು ದಿನ ನನ್ನನ್ನು ಅಮ್ಮಾ ಎಂದು ಕರೆದಳು. ಕರೆದದ್ದು ನನ್ನನ್ನಲ್ಲ, ತಂಗಿಯನ್ನು ಎಂದು ಅರ್ಥವಾಗಿ ಎದೆ ಒಡೆಯಿತು. ಶಾಹೀನಾ ದಿನವೂ ಬಂದು ಪಕ್ಕದಲ್ಲಿ ಕೂತು, ಈ ವೈರಸ್ ಮೈಯಲ್ಲಿ ಏನು ಮಾಡುತ್ತದೆ, ಮಾತ್ರೆ ಅದನ್ನು ಹೇಗೆ ಅದುಮಿಡುತ್ತದೆ, ಹೀಗೆ ಹುಟ್ಟಿದವರು ಎಷ್ಟೋ ಜನ ಓದಿ ಮದುವೆಯಾಗಿ ಮಕ್ಕಳಿಗೆ ಬಾರದ ಹಾಗೆ ನೋಡಿಕೊಂಡಿದ್ದಾರೆ ಎಂದೆಲ್ಲ ಅವಳಿಗೇ ಹೇಳಿದಳು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಇಷ್ಟೇ ಹೇಳಬೇಕಾಗಿದ್ದದ್ದು. ಅರ್ಧ ಗಂಟೆಯ ಮಾತು.

ಇಪ್ಪತ್ತೆಂಟಕ್ಕೆ ಬಂದ ಮೇಲೆ ಮನೆಗೆ ಕಳಿಸಿದರು. ಬಸ್ಸು ಸೇತುವೆ ದಾಟುವಾಗ ಎಲ್ಲರೂ ಚೀಲ ಕೆಳಗಿಳಿಸಿದರು. ನಮ್ಮದು ತೊಡೆಯ ಮೇಲೇ ಇತ್ತು, ಒಂದಿಷ್ಟೂ ಭಾರವಾಗಲಿಲ್ಲ. ಮುಂದಿನ ಸೀಟಿನ ಇಬ್ಬರು ಎದ್ದು ಹಿಂದಕ್ಕೆ ಹೋದರು. ಕಂಡಕ್ಟರ್ ಟಿಕೆಟ್ಟನ್ನು ಸೀಟಿನ ಮೇಲೆ ಇಟ್ಟು ಹೋದ.

ಹಾಲಿನವಳು ಈಗ ಹಾಲನ್ನು ಗೇಟಿನ ಕಲ್ಲಿನ ಮೇಲೆ ಇಟ್ಟುಹೋಗುತ್ತಾಳೆ. ಶಾಲೆಯವರು ಸದ್ಯಕ್ಕೆ ಮನೆಯಲ್ಲೇ ಓದಲಿ ಎಂದರು, ಆ ಸದ್ಯ ಇನ್ನೂ ಮುಗಿದಿಲ್ಲ. ನನ್ನ ಜಗುಲಿಗೆ ಒಂದು ಪೆಟ್ಟಿಗೆಯೂ ಬಂದಿಲ್ಲ. ಬರಬೇಕೆಂದೂ ಇಲ್ಲ, ಮೋಸದ ತಕ್ಕಡಿ ಎಂದು ಹೆಸರಾಗಿದೆ, ಅದು ಸುಳ್ಳೂ ಅಲ್ಲ. ಮುನಿಸಿದ್ದಪ್ಪನ ಅಂಗಡಿಗೆ ನಾನೇ ಹೋದೆ. ಜಯಶೀಲ ಮೆಷಿನ್ ನಿಲ್ಲಿಸಲಿಲ್ಲ.

"ತಪ್ಪಾಯ್ತು ಕಣಮ್ಮ. ಬೇಕಾದ್ರೆ ಊರ ಮುಂದೆ ಇನ್ನೊಂದ್ಸಲ ತೂಗ್ತೀನಿ. ನಿನ್ನ ಪೆಟ್ಟಿಗೇಲಿ ಏನೂ ಇರ್ಲಿಲ್ಲ ಅಂತ ನಾನೇ ಕೂಗಿ ಹೇಳ್ತೀನಿ," ಎಂದೆ.

"ಬಚ್ಚಿಟ್ಟವರು ಹೇಳ್ಬಿಟ್ರೆ ಅವರ ಭಾರ ಇಳಿಯುತ್ತೆ ಪುಟ್ತಾಯಮ್ಮ. ನಾನು ಏನೂ ಬಚ್ಚಿಟ್ಟಿರ್ಲಿಲ್ಲ. ನಂದು ಹೇಗೆ ಇಳಿಯುತ್ತೆ?" ಎಂದಳು. ಸ್ವಲ್ಪ ಹೊತ್ತು ತುಳಿದಳು. "ಎಷ್ಟಿದಾಳೆ ಈಗ?"

"ಇಪ್ಪತ್ತೆಂಟು."

"ನನ್ನ ಟೇಪು ಜುಲೈನಲ್ಲೇ ಹೇಳಿತ್ತು," ಎಂದು ತಲೆ ಬಗ್ಗಿಸಿ ಹೊಲಿಗೆ ಮುಂದುವರಿಸಿದಳು. ಬಂದ ದಾರಿ ಹಿಡಿದೆ.

ಡಬ್ಬಿ ಈಗ ಬೀದಿಯ ಕಡೆಯ ಕಿಟಕಿಯಲ್ಲಿದೆ. ಹೋಗುವವರು ನೋಡಲಿ. ಇಂಚರಳೇ ಎಂಟು ಗಂಟೆಗೆ ತೆಗೆದುಕೊಳ್ಳುತ್ತಾಳೆ. ಮನೆಗೆ ಬಂದು ಒಂದು ತಿಂಗಳಾದ ಭಾನುವಾರ ಬೆಳಗ್ಗೆ, "ತೂಗು ದೊಡ್ಡಮ್ಮ," ಎಂದು ತಾನೇ ಹೋಗಿ ಹಲಗೆಯ ಮೇಲೆ ಕೂತಳು. ದಿಮ್ಮಿ ಎಳೆದೆ. ಇಪ್ಪತ್ತೆಂಟು ಕೆಜಿಯ ಕಲ್ಲಿಟ್ಟೆ, ಹಲಗೆ ಕೆಳಗೇ ಇತ್ತು. ಅರ್ಧ ಹಾಕಿದೆ. ಇನ್ನೂ ಕೆಳಗೇ. ಮತ್ತೊಂದು ಹಾಕಿದೆ. ಇಪ್ಪತ್ತೊಂಬತ್ತೂವರೆಗೆ ದಂಡ ನೆಟ್ಟಗೆ ನಿಂತಿತು.

ಅವಳು ನನ್ನ ಮುಖ ನೋಡುತ್ತಿದ್ದಳು. ಏನನ್ನು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಗಬೇಕೆಂದುಕೊಂಡೆ, ದೇವರಾಣೆ. ನನ್ನ ಮೊಣಕಾಲು ತಾನಾಗಿ ಬಗ್ಗಿತು. ಹಲಗೆಯ ಅಡಿಗೆ ಕೈ ಹಾಕಿ ಒಂದೊಂದೇ ಮೂಲೆ ತಡಕಿದೆ. ಕಣ್ಣೆತ್ತಿ ಅವಳನ್ನು ನೋಡುವ ಧೈರ್ಯವಾಗಲಿಲ್ಲ.

"ಈ ಕಡೆ ಮೂಲೇಲೂ ನೋಡು," ಎಂದು ಅವಳು ನನ್ನ ಕೈಗೆ ದಾರಿಯಾಗಲೆಂದು ಕಾಲು ಎತ್ತಿಕೊಂಡಳು.

ಅಲ್ಲೂ ನೋಡಿದೆ. ಏನೂ ಇರಲಿಲ್ಲ. ಒಂದೂವರೆ ಕೆಜಿ ಅವಳದೇ ಮೈಯದು.

ಎಂಟಾಗಿತ್ತು. ಹಲಗೆಯಿಂದ ಇಳಿದು, ಕಿಟಕಿಯ ಡಬ್ಬಿಯಿಂದ ಮಾತ್ರೆ ತೆಗೆದು, ನೀರು ಕುಡಿದು ನುಂಗಿದಳು. ಆಮೇಲೆ ನನ್ನ ಮುಂದೆ ಬಂದು ನಿಂತು ಬಾಯಿ ಅಗಲಿಸಿ ತೋರಿಸಿದಳು, ನಾಲಿಗೆ ಎತ್ತಿ ಅಡಿಯನ್ನೂ ತೋರಿಸಿದಳು. ತೋರಿಸು ಎಂದು ನಾನು ಹೇಳಿರಲಿಲ್ಲ.